ನಗುವಿನೊಡನೆ ಕಲಿತ ಶಬ್ದ

ನಾನು ಉಪಾಧ್ಯಾಯನಾಗಿದ್ದಾಗ ಹುಡುಗನೊಬ್ಬನು ತನ್ನ ಊರಿನ ವೈದ್ಯರನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧವನ್ನು ಬರೆದು, ಅವರನ್ನು ‘ನಟೋರಿಯಸ್’ ಎಂದು ಕೊಂಡಾಡಿದನು. ನಾನು ಅದನ್ನು ತರಗತಿಯಲ್ಲಿ ಓದಿ ನಕ್ಕೆನು; ಎಲ್ಲರೂ ನಕ್ಕರು. ಅವನು ತಲೆ ತಗ್ಗಿಸಿ ತನ್ನ ಟಿಪ್ಪಣಿಯ ಪುಸ್ತಕವನ್ನು ತೆರೆದು ತೋರಿಸಿದನು. ಅದರಲ್ಲಿ ನಾನೇ ಬರೆಯಿಸಿದ್ದ ಅರ್ಥವಿತ್ತು: ‘ಪ್ರಸಿದ್ಧ’. ‘ಕುಖ್ಯಾತ’ ಎಂಬ ಮಾತು ಸಂಸ್ಕೃತವನ್ನೋದಿದ ನನಗೆ ತಿಳಿಯದುದಲ್ಲ. ಪಟ್ಟಿಯನ್ನು ಮುಗಿಸುವ ಆತುರದಲ್ಲಿ ಅರ್ಧ ಅರ್ಥವನ್ನು ಕೊಟ್ಟಿದ್ದೆನು. ಆ ವರ್ಷವೆಲ್ಲ ಆ ಹುಡುಗನು ಮತ್ತೊಂದು ಹೊಸ ಶಬ್ದವನ್ನು ಬಳಸಲಿಲ್ಲ.

ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದ ನಾನು ಕೋಶದ ಉಪಕಾರವನ್ನು ಅಲ್ಲಗಳೆಯಲಾರೆನು. ಆದರೆ ಕೋಶವು ಶಬ್ದದ ಪರಿಚಯವನ್ನು ಮಾಡಿಸುತ್ತದೆ; ಅದರ ನಡತೆಯು ವಾಕ್ಯದಲ್ಲಿಯೇ ತಿಳಿಯತಕ್ಕದ್ದು. ಆ ವಾಕ್ಯವು ನಗಿಸುವಂತಿದ್ದರೆ ಶಬ್ದವು ಮನಸ್ಸಿನಿಂದ ಜಾರದು. ಆದುದರಿಂದ ಪಟ್ಟಿಯನ್ನು ಬಿಟ್ಟು, ಹುಡುಗರು ಬಲ್ಲ ಊರುಗಳಿಂದಲೇ ವಾಕ್ಯಗಳನ್ನು ಕಟ್ಟತೊಡಗಿದೆನು.

“ಪಾಂಡವಪುರದ ಆಲೆಮನೆಯ ‘ವೊರೇಶಿಯಸ್’ ಇರುವೆಯು ಬೆಲ್ಲವನ್ನು ಮುಗಿಸಿ ಅಚ್ಚನ್ನೂ ನೆಕ್ಕಿತು.” ಹೊಟ್ಟೆಬಾಕತನವೆಂಬ ಅರ್ಥವನ್ನು ಬೇರೆ ಹೇಳಬೇಕೆ?

“ನಾಗಮಂಗಲದ ಎರಕದವನು ‘ಟ್ಯಾಸಿಟರ್ನ್’, ಅವನು ಎರೆದ ಗಂಟೆಯೋ ‘ಗ್ಯಾರುಲಸ್’.” ಮಿತಭಾಷಿಯೂ ವಾಚಾಳಿಯೂ ಒಂದೇ ವಾಕ್ಯದಲ್ಲಿ ದೊರೆತರು.

“ಕೃಷ್ಣರಾಜಪೇಟೆಯ ಸಂತೆಗೆ ಹೋಗಲು ‘ಪ್ರೊಕ್ರಾಸ್ಟಿನೇಟ್’ ಮಾಡಿದವನು ಮರುದಿನ ಬುಟ್ಟಿ ಹಿಡಿದು ಕಾಗೆಗಳೊಡನೆ ವ್ಯಾಪಾರ ಮಾಡಿದನು.” ಲ್ಯಾಟಿನ್ ಭಾಷೆಯಲ್ಲಿ ‘ಕ್ರಾಸ್’ ಎಂದರೆ ನಾಳೆ, ನಾಳೆಗೆ ತಳ್ಳುವುದೇ ಈ ಶಬ್ದದ ಅರ್ಥ.

“ಕಾವೇರಿಯು ಉಕ್ಕಿದ ದಿನ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ಮಾರಲು ಹೋದವನ ಕೊಡಗಳು ‘ಸೂಪರ್‌ಫ್ಲುಯಸ್’ ಆದವು.” ಅಗತ್ಯಕ್ಕೆ ಮೀರಿದುದೆಂದು ಇದರ ಅರ್ಥ. ಮೂಲದಲ್ಲಿಯೂ ಈ ಶಬ್ದಕ್ಕೆ ‘ಮೇಲುಕ್ಕಿ ಹರಿಯುವುದು’ ಎಂದೇ ಅರ್ಥವಿರುವುದು ಸ್ವಾರಸ್ಯವಲ್ಲವೆ?

ಇಲ್ಲಿ ಒಂದು ನಿಯಮವುಂಟು. “ಅವನು ಟ್ಯಾಸಿಟರ್ನ್” ಎಂದಷ್ಟೇ ಬರೆದರೆ ಅವನು ಕುಳ್ಳನೋ ಕೋಪಿಷ್ಠನೋ ತಿಳಿಯದು. ಬೇರೊಂದು ಶಬ್ದವನ್ನಿಟ್ಟರೆ ವಾಕ್ಯವು ಕೆಡುವಂತಿರಬೇಕು. ಗುರುವಿನ ವಾಕ್ಯವನ್ನು ಕೇಳಿದ ಮೇಲೆ ಶಿಷ್ಯನು ತನ್ನದೊಂದನ್ನು ಕಟ್ಟಬೇಕು; ಆಗಲೇ ಶಬ್ದವು ಅವನ ಸ್ವತ್ತಾಗುವುದು.

ಈ ಸೀಮೆಗೆ ಇಂಗ್ಲಿಷು ಹೊಸತಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಗ್ರಂಥವನ್ನು ಕನ್ನಡಕ್ಕೆ ಕೊಟ್ಟರು. 1900ರಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಜನಿಸಿದ ಎ. ಎನ್. ಮೂರ್ತಿರಾಯರು ಇಂಗ್ಲಿಷನ್ನು ಬೋಧಿಸುತ್ತಲೇ ಕನ್ನಡದಲ್ಲಿ ನಗೆಯ ಲಲಿತ ಪ್ರಬಂಧಗಳನ್ನು ಬರೆದರು. ಪಾಂಡಿತ್ಯಕ್ಕೂ ವಿನೋದಕ್ಕೂ ವೈರವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಾತೆಯರು ರಾತ್ರಿ ಊಟವಾದ ಮೇಲೆ ಮಕ್ಕಳೊಡನೆ ದಿನಕ್ಕೊಂದು ಶಬ್ದದಂತೆ ಈ ಆಟವನ್ನು ಆಡಿಸಬಹುದು. ಇಂಗ್ಲಿಷ್ ಬಾರದ ಅಜ್ಜಿಯೂ ಕಥೆಯನ್ನು ಹೂಡಬಲ್ಲಳು. ಶಬ್ದವನ್ನು ಮೊಮ್ಮಗಳು ಸೇರಿಸಲಿ. ಒಂದು ಮಾತನ್ನು ಮಾತ್ರ ನೆನಪಿಡಿರಿ: ಮಗುವು ತಪ್ಪಿದಾಗ ವಾಕ್ಯವನ್ನು ಕಂಡು ನಗಿರಿ, ಮಗುವನ್ನು ಕಂಡು ನಗಬೇಡಿರಿ. ಇದನ್ನು ನಾನು ತಡವಾಗಿ ಕಲಿತೆನು.