ಗೇಮ್ ಆಡುವ ಮಗನನ್ನು ಒಮ್ಮೆ ಕೇಳಿ ನೋಡಿ

ಊಟಕ್ಕೆ ಕರೆದರೆ ಮಗನಿಂದ ಬರುವ ಉತ್ತರ "ಐದು ನಿಮಿಷ ಅಮ್ಮಿ." ಆ ಐದು ನಿಮಿಷ ಅರ್ಧ ಗಂಟೆಯಾಗುತ್ತದೆ. ಸಾರು ಆರುತ್ತದೆ, ನಿಮ್ಮ ಸಿಟ್ಟು ಏರುತ್ತದೆ, ಕೊನೆಗೆ ಮೊಬೈಲ್ ಕಿತ್ತುಕೊಳ್ಳುವುದರಲ್ಲಿ ಮಾತು ಮುಗಿಯುತ್ತದೆ. ಕಪಿಲಾ ನದಿಯ ದಡದ ಹುಲ್ಲಹಳ್ಳಿಯಾಗಲಿ, ನಂಜನಗೂಡು ಪೇಟೆಯಾಗಲಿ, ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಇದು ದಿನನಿತ್ಯದ ಜಗಳ. ಮೊಬೈಲ್ ಗೇಮ್‌ಗಳ ಕೆಡುಕಿನ ಬಗ್ಗೆ ನೀವು ಈಗಾಗಲೇ ಬೇಕಾದಷ್ಟು ಓದಿದ್ದೀರಿ. ಈ ಸಲ ಬೇರೊಂದು ಕಡೆಯಿಂದ ಶುರು ಮಾಡೋಣ. ಆಡುವವರು ತಮ್ಮ ಆಟಕ್ಕೆ ಕೃತಜ್ಞರಾಗಿರುವುದು ಯಾತಕ್ಕಾಗಿ? ಇದನ್ನು ತಿಳಿದರೆ ಆಟ ಎಲ್ಲಿಯವರೆಗೆ ಹಿತ, ಎಲ್ಲಿಂದ ಕಾಯಿಲೆ ಎಂಬುದನ್ನು ಗುರುತಿಸುವುದು ಸುಲಭ.

ಸಾಮಾನ್ಯವಾಗಿ ಮೊದಲು ಬರುವ ಉತ್ತರ ಗೆಳೆಯರು. ಹತ್ತನೇ ತರಗತಿಯವರೆಗೆ ಒಟ್ಟಿಗೆ ಇದ್ದ ನಾಲ್ವರಲ್ಲಿ ಒಬ್ಬ ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ, ಒಬ್ಬ ಮೈಸೂರಿನ ಹಾಸ್ಟೆಲ್‌ನಲ್ಲಿದ್ದಾನೆ, ಇನ್ನೊಬ್ಬ ಸೌದಿ ಸೇರಿದ್ದಾನೆ. ಇವರು ಫೋನ್ ಮಾಡಿದರೆ "ಊಟ ಆಯ್ತಾ, ಮಳೆ ಬಂತಾ" ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಅದೇ ಬಿಜಿಎಂಐ ಆಟದಲ್ಲಿ ನಾಲ್ವರು ಒಂದು ತಂಡವಾದರೆ ಕೈಗೆ ಕೆಲಸ ಸಿಗುತ್ತದೆ, ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹತ್ತಿರ ಕುಳಿತು ಕೇಳಿ. ಅರ್ಧ ಮಾತು ಆಟದ್ದು, ಉಳಿದದ್ದು ಊರಿನದು, ಮನೆಯದು, ಕೆಲಸದ ಬೇಸರದ್ದು.

ಆ "ಐದು ನಿಮಿಷ"ದ ಗುಟ್ಟೂ ಇಲ್ಲೇ ಇದೆ. ಇಂಥ ಆನ್‌ಲೈನ್ ಆಟವನ್ನು ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಒಂದು ಪಂದ್ಯ ಅರ್ಧ ಗಂಟೆಯವರೆಗೂ ಸಾಗಬಹುದು. ನಡುವೆ ಒಬ್ಬ ಎದ್ದುಹೋದರೆ ಉಳಿದ ಮೂವರನ್ನು ಕೈಬಿಟ್ಟಂತೆ. ಕ್ರಿಕೆಟ್‌ನಲ್ಲಿ ಬ್ಯಾಟ್ ಹಿಡಿದವನು ಓವರ್‌ನ ನಡುವೆ ಮನೆಗೆ ಹೊರಟುಹೋದರೆ ಹೇಗಿರುತ್ತದೋ ಹಾಗೆ. ಆದ್ದರಿಂದ ಪಂದ್ಯದ ನಡುವೆ ಕಿತ್ತುಕೊಳ್ಳುವ ಬದಲು, ಶುರುವಾಗುವ ಮೊದಲೇ "ಇದೊಂದು ಪಂದ್ಯ, ಆಮೇಲೆ ಊಟ" ಎಂದು ಹೇಳಿ. ಇಷ್ಟರಿಂದಲೇ ಎಷ್ಟೋ ಜಗಳ ತಪ್ಪುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಪಬ್‌ಜಿಯನ್ನು ನಿಷೇಧಿಸಿದಾಗ ಅನೇಕ ಪೋಷಕರು ನೆಮ್ಮದಿಯ ಉಸಿರು ಬಿಟ್ಟಿದ್ದರು. ಮುಂದಿನ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. ಬೇರೆಯವರು ಕಿತ್ತುಕೊಂಡರೆ ಸಮಸ್ಯೆ ಮುಗಿಯಿತು ಎಂದುಕೊಳ್ಳುವಂತಿಲ್ಲ.

ಗೇಮ್ ಎಂದರೆ ಗಂಡುಹುಡುಗರದ್ದೇ ಎಂದೂ ಭಾವಿಸಬೇಡಿ. 2020ರ ಲಾಕ್‌ಡೌನ್‌ನಲ್ಲಿ ಮುಂಬೈನ ಕಂಪನಿಯೊಂದರ ಲೂಡೋ ಕಿಂಗ್ ದೇಶದ ತುಂಬ ಹರಡಿತು. ಮದುವೆಯಾಗಿ ಬೇರೆ ಬೇರೆ ಊರು ಸೇರಿದ ಅಕ್ಕತಂಗಿಯರು ಅದರಲ್ಲೇ ಒಂದೇ ಹಾಸಿನ ಸುತ್ತ ಕುಳಿತಂತೆ ಆಡಿದರು. ನಮ್ಮ ಜಿಲ್ಲೆಗೆ ಇದೇನೂ ಹೊಸತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಸ್ವತಃ ಮಣೆಯಾಟಗಳನ್ನು ರೂಪಿಸಿದವರು. ಚೌಕಾಬಾರ, ಅಳಿಗುಳಿ ಮಣೆಗಳಿಗೆ ಕುಳಿತು ಹೊತ್ತು ಮರೆತ ಅಜ್ಜಿಯರು ನಮ್ಮ ಮನೆಗಳಲ್ಲೇ ಇದ್ದರು.

ಎರಡನೆಯ ಉತ್ತರ ಸ್ವಲ್ಪ ನೋವಿನದು. "ಅಲ್ಲಿ ಯಾರೂ ನನ್ನ ಅಂಕ ಕೇಳುವುದಿಲ್ಲ." ಶಾಲೆಯಲ್ಲಿ ಹಿಂದುಳಿದ ಹುಡುಗ ಗೇಮ್‌ನಲ್ಲಿ ತಂಡದ ನಾಯಕನಾಗಿರಬಹುದು. ಸೋತರೆ ಬೈಗುಳ ತಿನ್ನಬೇಕಿಲ್ಲ, ಮರುಕ್ಷಣ ಮತ್ತೆ ಶುರು ಮಾಡಬಹುದು, ಮಾಡಿದ ಪ್ರಯತ್ನಕ್ಕೆ ಕಣ್ಣೆದುರೇ ಫಲ ಸಿಗುತ್ತದೆ. ಮಗ ಇದಕ್ಕಾಗಿ ಕೃತಜ್ಞನಾಗಿದ್ದರೆ, ಮನೆಯಲ್ಲಿ ಅವನಿಗೆ ಸಿಗದೇ ಹೋದದ್ದು ಏನು ಎಂದು ಯೋಚಿಸುವ ಸರದಿ ನಮ್ಮದು.

ನಾರ್ವೆಯ ಮ್ಯಾಟ್ಸ್ ಸ್ಟೀನ್ ಎಂಬ ಯುವಕನ ಕಥೆಯನ್ನು ಪ್ರತಿ ತಂದೆತಾಯಿ ತಿಳಿದಿರಬೇಕು ಎನಿಸುತ್ತದೆ. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಶಕ್ತಿ ಕಳೆದುಕೊಳ್ಳುವ ಡ್ಯೂಶೆನ್ ಎಂಬ ಕಾಯಿಲೆ ಅವನಿಗಿತ್ತು. ಗಾಲಿಕುರ್ಚಿಯಲ್ಲಿ ಕುಳಿತು ದಿನವಿಡೀ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಡುತ್ತಿದ್ದ. ಮಗ ಒಂಟಿಯಾಗಿ, ಯಾರ ಬದುಕಿಗೂ ತಾಗದೆ ಹೋಗಿಬಿಡುತ್ತಾನಲ್ಲ ಎಂದು ಹೆತ್ತವರು ಮರುಗುತ್ತಿದ್ದರು. 2014ರಲ್ಲಿ, 25ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ತಂದೆ ಮಗನ ಬ್ಲಾಗ್‌ನಲ್ಲಿ ಸುದ್ದಿ ಬರೆದರು. ಆಮೇಲೆ ಬಂದವು ಪತ್ರಗಳು, ಒಂದರ ಹಿಂದೆ ಒಂದು. ಆಟದಲ್ಲಿ ಅವನ ಜೊತೆಗಾರರಾಗಿದ್ದವರು ಬರೆದದ್ದು. ಸ್ವಂತ ಮಗನನ್ನು ತಲುಪಲಾಗದೆ ಕಂಗೆಟ್ಟಿದ್ದ ತಾಯಿಯೊಬ್ಬಳಿಗೆ, ಆಟದ ಮೂಲಕವೇ ಅವನನ್ನು ತಲುಪುವ ದಾರಿ ತೋರಿಸಿದ್ದ ಮ್ಯಾಟ್ಸ್. ಹೆತ್ತವರು ಕಂಪ್ಯೂಟರ್ ಕಿತ್ತುಕೊಂಡಾಗ ಕುಗ್ಗಿಹೋದ ಹುಡುಗಿಯೊಬ್ಬಳ ಪರವಾಗಿ ಅವಳ ಹೆತ್ತವರಿಗೇ ಪತ್ರ ಬರೆದಿದ್ದ. ಕೆಲವರು ಬೇರೆ ದೇಶಗಳಿಂದ ಅಂತ್ಯಕ್ರಿಯೆಗೂ ಬಂದರು. 2024ರಲ್ಲಿ ಇದು ಸಾಕ್ಷ್ಯಚಿತ್ರವಾಯಿತು. ನಮ್ಮ ಊರುಗಳಲ್ಲೂ ಅಪಘಾತದಿಂದಲೋ ಹುಟ್ಟಿನಿಂದಲೋ ಮನೆ ಬಿಟ್ಟು ಹೊರಹೋಗಲಾಗದ ಮಕ್ಕಳಿದ್ದಾರೆ. ಅವರ ಕೈಯ ಮೊಬೈಲ್ ನೋಡಿ ಮಾತಾಡುವ ಮುನ್ನ ಇದನ್ನು ನೆನೆಯಿರಿ.

ಹಾಗಾದರೆ ಎಷ್ಟು ಹೊತ್ತು ಆಡಿದರೂ ಸರಿಯೇ? ಇಲ್ಲ. ಆದರೆ ಗಡಿಯಾರವೊಂದೇ ಅಳತೆಗೋಲಲ್ಲ. 2022ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಗೇಮ್‌ಗಳ ಸುಮಾರು 39,000 ಆಟಗಾರರ ಮಾಹಿತಿಯನ್ನು ಪರಿಶೀಲಿಸಿದರು. ಆಡಿದ ಹೊತ್ತಿಗೂ ಮನಸ್ಸಿನ ನೆಮ್ಮದಿಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಮುಖ್ಯವಾಗಿ ಕಂಡದ್ದು ಆಡುವ ಕಾರಣ. ಖುಷಿಯಿಂದ ಆಡುವವರು ಒಂದು ಬಗೆ, "ಆಡದೆ ಇರಲಾಗುತ್ತಿಲ್ಲ" ಎಂದು ಆಡುವವರು ಇನ್ನೊಂದು ಬಗೆ. ನೆಮ್ಮದಿ ಕಡಿಮೆಯಿದ್ದದ್ದು ಎರಡನೆಯವರಲ್ಲಿ. ಬೆಳೆಯುವ ಮಕ್ಕಳಿಗೆ ನಿದ್ದೆ, ಓದು, ಓಡಾಟ ಬೇಕೇ ಬೇಕು. ಅವರ ಮಟ್ಟಿಗೆ ಹೊತ್ತಿನ ಲೆಕ್ಕವನ್ನೂ ಬಿಡುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಗೇಮ್ ಚಟವನ್ನು ಸೇರಿಸಿದೆ. 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಶುರು ಮಾಡುವುದು, ನಿಲ್ಲಿಸುವುದು ಕೈ ಮೀರಿರಬೇಕು. ಊಟ, ಓದು, ಕೆಲಸ, ನಮಾಝ್ ಎಲ್ಲಕ್ಕಿಂತ ಆಟ ಮುಂದಾಗಿರಬೇಕು. ಹಾನಿ ಕಣ್ಣಿಗೆ ಕಾಣುತ್ತಿದ್ದರೂ ಬಿಡಲಾಗದಿರಬೇಕು. ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೆದರೆ ಮಾತ್ರ ಅದನ್ನು ರೋಗ ಎನ್ನುತ್ತಾರೆ. ರಜೆಯಲ್ಲಿ ಎರಡು ವಾರ ವಿಪರೀತ ಆಡಿದ ಹುಡುಗನಿಗೆ ಈ ಹಣೆಪಟ್ಟಿ ಹಚ್ಚಬೇಡಿ.

ದೇಹದ ವಿಚಾರಕ್ಕೆ ಬಂದರೆ ಮೊದಲ ಪೆಟ್ಟು ನಿದ್ದೆಗೆ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಫಜ್ರ್‌ಗೆ ಏಳಬೇಕಾದ ಹುಡುಗ ರಾತ್ರಿ ಒಂದರವರೆಗೆ ಆಡಿದರೆ ಲೆಕ್ಕ ಹೊಂದುವುದೇ ಇಲ್ಲ. ರಮಝಾನ್‌ನಲ್ಲಿ ತರಾವೀಹ್‌ನಿಂದ ಸಹರಿವರೆಗೆ ಆಡಿ ಹಗಲೆಲ್ಲ ಮಲಗುವ ಅಭ್ಯಾಸ ಈದ್ ಕಳೆದ ಮೇಲೂ ಬಿಡುವುದಿಲ್ಲ. ಇಶಾ ಆದ ಬಳಿಕ ಮನೆಯ ಎಲ್ಲ ಮೊಬೈಲ್‌ಗಳೂ ನಡುಮನೆಯಲ್ಲೇ ಚಾರ್ಜ್ ಆಗಲಿ. ಎಲ್ಲ ಎಂದರೆ ಅಬ್ಬಾನದೂ ಸೇರಿ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ತುಂಬ ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಒಳ್ಳೆಯದು. ಅಸರ್‌ನಿಂದ ಮಗ್ರಿಬ್‌ವರೆಗಿನ ಹೊತ್ತು ಬಯಲಿನದಾಗಿರಲಿ. ಹಗಲ ಬೆಳಕಿನಲ್ಲಿ ಆಡುವ ಮಕ್ಕಳಿಗೆ ದೂರದೃಷ್ಟಿ ಮಂಜಾಗುವ ಸಮಸ್ಯೆ ಕಡಿಮೆ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನಲ್ಲಿ ನೋವು ಕಂಡರೆ ಕೆಲವು ದಿನ ಆಟ ಬಿಡಿಸಿ, ಮಾಯದಿದ್ದರೆ ವೈದ್ಯರಿಗೆ ತೋರಿಸಿ.

ಒಂದು ಕಡೆ ಮಾತ್ರ ರಾಜಿ ಬೇಡ. ದುಡ್ಡು ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್‌ಗಳನ್ನು ಮೇಲೆ ಹೇಳಿದ ಆಟಗಳ ಸಾಲಿಗೆ ಸೇರಿಸಬೇಡಿ. ಅಲ್ಲಿ ಗೆಳೆತನವಿಲ್ಲ, ಕಳೆದುಕೊಂಡದ್ದನ್ನು ಮರಳಿ ಗೆಲ್ಲುವ ತವಕ ಮಾತ್ರ ಇರುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇಂಥ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಶಿಕ್ಷೆ ಇರುವುದು ಅವನ್ನು ನಡೆಸುವವರಿಗೆ, ಪ್ರಚಾರ ಮಾಡುವವರಿಗೆ, ಹಣ ಸಾಗಿಸುವವರಿಗೆ, ಆಡಿದವನಿಗಲ್ಲ. ಮಗ ಸಾಲ ಮಾಡಿಕೊಂಡಿರುವ ಗುಮಾನಿ ಇದ್ದರೆ ಮೊದಲು ಈ ಮಾತನ್ನು ಅವನಿಗೆ ತಿಳಿಸಿ. ಪೊಲೀಸರ ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡವನು ಆಗ ಬಾಯಿ ಬಿಟ್ಟಾನು. ಮೋಸದಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆಟ ನಿಮ್ಮ ಅವನ ಇಬ್ಬರ ಕೈಯನ್ನೂ ಮೀರಿದೆ ಎನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವ ಮುನ್ನ ನೀವೇ ಮಾಡಬಹುದಾದ ಕೆಲಸವೊಂದಿದೆ. ಒಂದು ಸಂಜೆ ಮಗನ ಪಕ್ಕ ಕುಳಿತು ಒಂದು ಪಂದ್ಯ ಪೂರ್ತಿ ನೋಡಿ. ಮುಗಿದ ಮೇಲೆ, ಬೈಯದೆ, "ಇದರಲ್ಲಿ ನಿನಗೆ ಸಿಗುವುದೇನು ಬೇಟಾ?" ಎಂದು ಕೇಳಿ. ಗೆಳೆಯರ ಹೆಸರು ಬಂತೋ, "ಗೊತ್ತಿಲ್ಲ, ಬಿಡೋಕೆ ಆಗ್ತಿಲ್ಲ" ಎಂಬ ಮಾತು ಬಂತೋ, ಗಮನವಿಟ್ಟು ಕೇಳಿಸಿಕೊಳ್ಳಿ. 14416ಕ್ಕೆ ಕರೆ ಮಾಡಿದರೆ ಅಲ್ಲಿನವರಿಗೂ ಮೊದಲು ಬೇಕಾಗುವುದು ಈ ಉತ್ತರವೇ.