ಕತ್ತು ಹಿಡಿದಾಗ ಮಳೆ ಆಗಲೇ ಶುರುವಾಗಿರುತ್ತದೆ

‘ತಿಂಗಳಿಗೆ ನಾಲ್ಕೈದು ಸಲ ಅರೆತಲೆನೋವು ಬರುತ್ತದೆ. ಬರುವ ಮೊದಲೇ ಕತ್ತು ಹಿಡಿದುಕೊಳ್ಳುತ್ತದೆ. ಕೈರೋಪ್ರಾಕ್ಟರ್ ಬಳಿ ಕತ್ತಿನ ಮೂಳೆ ಕೂರಿಸಿಕೊಂಡರೆ ಮೈಗ್ರೇನ್ ಹೋಗುತ್ತದೆಯೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಲಟಕ್ಕನೆ ಕತ್ತು ತಿರುಗಿಸುವ ವಿಡಿಯೊಗಳು ಮೊಬೈಲಿನಲ್ಲಿ ದಿನವೂ ಹರಿದಾಡುತ್ತಿರುವಾಗ ಇದು ಕೇಳಲೇಬೇಕಾದ ಪ್ರಶ್ನೆ.

ಈ ಚಿಕಿತ್ಸೆ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಪಟ್ಟಣದಲ್ಲಿ. ಹಾರ್ವಿ ಲಿಲ್ಲಾರ್ಡ್ ಎಂಬ ಜಾಡಮಾಲಿಗೆ ಹದಿನೇಳು ವರ್ಷಗಳಿಂದ ಕಿವಿ ಮಂದವಾಗಿತ್ತು. ಆತನ ಬೆನ್ನುಮೂಳೆಯ ಉಬ್ಬೊಂದನ್ನು ಒತ್ತಿ ಕೂರಿಸಿದೆ, ಕಿವಿ ಕೇಳಿಸತೊಡಗಿತು ಎಂದರು ಈ ಚಿಕಿತ್ಸೆಯ ಜನಕ ಡೇನಿಯಲ್ ಡೇವಿಡ್ ಪಾಮರ್. ಕಿವಿಯ ನರ ನೇರವಾಗಿ ಮೆದುಳಿಗೆ ಹೋಗುತ್ತದೆ, ಬೆನ್ನುಮೂಳೆಯ ದಾರಿ ಹಿಡಿಯುವುದೇ ಇಲ್ಲ. ಆದರೂ ನೂರಕ್ಕೆ 95 ರೋಗಗಳಿಗೆ ಜಾಗ ತಪ್ಪಿದ ಬೆನ್ನುಮೂಳೆಯೇ ಕಾರಣ ಎಂಬಲ್ಲಿಯವರೆಗೆ ಪಾಮರ್ ಹೋದರು.

ಹಾಗಾದರೆ ಓದುಗರ ಕತ್ತುನೋವು ಸುಳ್ಳೇ? ಖಂಡಿತ ಅಲ್ಲ. ಒಂದು ಕೆರೆಯನ್ನು ನೆನೆಯಿರಿ. ಎರಡು ಕಾಲುವೆಗಳು ಬಂದು ಅದನ್ನು ಸೇರುತ್ತವೆ. ತೂಬಿನ ಬಳಿ ನಿಂತವನಿಗೆ ಹೊರಬೀಳುವ ನೀರು ಯಾವ ಕಾಲುವೆಯದೆಂದು ಹೇಳಲಾಗದು. ಹಣೆ, ಕಣ್ಣು, ಮೆದುಳಿನ ಹೊದಿಕೆಯ ನೋವನ್ನು ಹೊತ್ತು ತರುವ ಟ್ರೈಜೆಮಿನಲ್ ನರ ಒಂದು ಕಾಲುವೆ. ಕತ್ತಿನ ಮೇಲ್ಭಾಗದ ಮೂರು ಜೊತೆ ನರಗಳದು ಇನ್ನೊಂದು. ಮೆದುಳಕಾಂಡದ ಬುಡದಲ್ಲಿ ಇವೆರಡೂ ಒಂದೇ ಕಡೆ ಸೇರುತ್ತವೆ. ತೂಬಿನಾಚೆ ಕುಳಿತ ಮೆದುಳು ತಲೆಯೊಳಗಿನ ನೋವನ್ನೂ ಕತ್ತಿನದೆಂದು ತಿಳಿಯುತ್ತದೆ.

ಕತ್ತಿನ ಕಾಲುವೆ ಸರಿಪಡಿಸಿದರೆ ಕೆರೆ ಇಳಿದೀತೇ? ಊಹೆಗೆ ಅರ್ಥವಿದೆ. ಆದರೆ ಒರೆಗೆ ಹಚ್ಚಲೇಬೇಕು. ಮಾತ್ರೆಯಾದರೆ ಸಕ್ಕರೆಗುಳಿಗೆ ಕೊಟ್ಟು ಹೋಲಿಸಬಹುದು. ಕತ್ತು ತಿರುಗಿಸುವುದಕ್ಕೆ ಸಕ್ಕರೆಗುಳಿಗೆ ಯಾವುದು? ನಾರ್ವೆಯ ಸಂಶೋಧಕರು ಅದಕ್ಕೊಂದು ಸೊಗಸಾದ ಉಪಾಯ ಹೂಡಿದರು. 104 ಮೈಗ್ರೇನ್ ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾದ ಚಿಕಿತ್ಸೆ. ಎರಡನೆಯದಕ್ಕೆ ಅದೇ ಮೇಜು, ಅಂಥದೇ ಕೈಗಳು, ಆದರೆ ಒತ್ತಿದ್ದು ಬೆನ್ನುಮೂಳೆಯನ್ನಲ್ಲ. ಹೆಗಲಹಲಗೆಯ ಅಂಚನ್ನು, ಪೃಷ್ಠದ ಸ್ನಾಯುವನ್ನು. ಮೂರನೆಯವರು ತಮ್ಮ ಎಂದಿನ ಔಷಧಿಯಲ್ಲೇ ಮುಂದುವರಿದರು. ಹನ್ನೆರಡು ಬಾರಿ ಚಿಕಿತ್ಸೆ ಮುಗಿದಾಗಲೂ ಸೋಗಿನ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ತಮಗೆ ಸಿಕ್ಕಿದ್ದು ಅಸಲಿಯೆಂದೇ ನಂಬಿದ್ದರು!

2017ರಲ್ಲಿ ಫಲಿತಾಂಶ ಹೊರಬಂತು. ಮೂರೂ ಗುಂಪುಗಳಲ್ಲಿ ಮೈಗ್ರೇನ್ ದಿನಗಳು ಕಡಿಮೆಯಾಗಿದ್ದವು. ತಿಂಗಳುಗಳು ಕಳೆದ ಮೇಲೂ ಮೊದಲೆರಡು ಗುಂಪುಗಳಲ್ಲಿ ಆ ಲಾಭ ಉಳಿದಿತ್ತು. ಆದರೆ ಅಸಲಿಗೂ ಸೋಗಿಗೂ ವ್ಯತ್ಯಾಸ ಕಾಣಲಿಲ್ಲ. ಉಪಶಮನ ನಿಜ, ಅದು ಬಂದದ್ದು ಮೂಳೆ ಕೂರಿಸಿದ್ದರಿಂದಲ್ಲ. ಆ ‘ಲಟಕ್’ ಸದ್ದು ಕೂಡ ಮೂಳೆ ಸ್ವಸ್ಥಾನಕ್ಕೆ ಮರಳಿದ್ದಲ್ಲ, ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯ ಆಟ.

ಲಾಭವಿಲ್ಲದಿದ್ದರೂ ನಷ್ಟವೇನು ಎನ್ನಬೇಡಿ. ಮೆದುಳಿಗೆ ರಕ್ತ ಒಯ್ಯುವ ಧಮನಿಗಳು ಕತ್ತಿನ ಮೂಲಕವೇ ಏರುತ್ತವೆ. ರಭಸದಿಂದ ತಿರುಚಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದದ್ದುಂಟು. ಅಪರೂಪ, ಆದರೆ ಕೆಲವೊಮ್ಮೆ ಮರಳಿ ಸರಿಪಡಿಸಲಾಗದ್ದು. ಕ್ಷೌರದಂಗಡಿಯಲ್ಲಿ ಪುಕ್ಕಟೆಯಾಗಿ ಕತ್ತಿನ ನೆಟಿಗೆ ಮುರಿಸಿಕೊಳ್ಳುವವರಿಗೂ ಈ ಮಾತು ಸಲ್ಲುತ್ತದೆ.

ನನಗೆ ಭರವಸೆ ಮೂಡಿಸುವುದು ಬೇರೆಯೇ ದಾರಿ. ಮೈಗ್ರೇನ್ ಹೊತ್ತಿನಲ್ಲಿ ಟ್ರೈಜೆಮಿನಲ್ ನರದ ತುದಿಗಳು ಸಿಜಿಆರ್‌ಪಿ ಎಂಬ ಪೆಪ್ಟೈಡನ್ನು ಸುರಿಸುತ್ತವೆ ಎಂದು ಸಂಶೋಧಕರಾದ ಲಾರ್ಸ್ ಎಡ್ವಿನ್ಸನ್, ಪೀಟರ್ ಗೋಡ್ಸ್‌ಬಿ ತೋರಿಸಿಕೊಟ್ಟರು. ಅದನ್ನು ತಡೆಯುವ ಮೊದಲ ಚುಚ್ಚುಮದ್ದು 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕಾಲುವೆಯ ದಂಡೆ ತಟ್ಟುವ ಬದಲು ಸುರಿಯುವ ಮಳೆಗೇ ಕೈಹಾಕಿದ ಕೆಲಸವಿದು.

ಇನ್ನು ಆ ಓದುಗರ ಪ್ರಶ್ನೆ. ನೋವಿಗೆ ಮುಂಚೆ ಕತ್ತು ಹಿಡಿಯುವುದು ಹಲವು ಸಲ ಮೈಗ್ರೇನಿನ ಮೊದಲ ಲಕ್ಷಣವೇ. ಬೆಟ್ಟದ ಮೇಲೆ ಮಳೆ ಆಗಲೇ ಶುರುವಾಗಿರುತ್ತದೆ. ಎಂದು ಹಿಡಿಯಿತು, ಎಷ್ಟು ಹೊತ್ತಿಗೆ ತಲೆನೋವು ಬಂತು ಎಂದು ಬರೆದಿಟ್ಟು, ಆ ಚೀಟಿಯೊಡನೆ ನರರೋಗ ತಜ್ಞರನ್ನು ಕಾಣಿ. ಕತ್ತನ್ನು ಮಾತ್ರ ತಿರುಚಲು ಕೊಡಬೇಡಿ.