ಮೂವತ್ತೇಳು ಗೆಲುವು, ಸೊನ್ನೆ ಸೋಲು

1990ರ ಫೆಬ್ರವರಿ ತಿಂಗಳು. ಅಮೆರಿಕದ ಲಾಸ್ ವೇಗಾಸ್ ಜೂಜಿಗೆ ಹೆಸರಾದ ನಗರ. ಕುದುರೆ ಓಡಲಿ, ಚೆಂಡು ಉರುಳಲಿ, ಎಲ್ಲದರ ಮೇಲೂ ಹಣ ಕಟ್ಟಿಸಿಕೊಳ್ಳುವ ಊರು. ಅಂಥ ಊರಿನ ಬಾಜಿಯವರೇ ಟೋಕಿಯೊದಲ್ಲಿ ನಡೆಯಲಿದ್ದ ಒಂದು ಮುಷ್ಟಿಯುದ್ಧಕ್ಕೆ ಹಣ ಕಟ್ಟಿಸಿಕೊಳ್ಳಲು ಒಲ್ಲೆ ಎಂದುಬಿಟ್ಟಿದ್ದರು. ಫಲಿತಾಂಶ ಮೊದಲೇ ಗೊತ್ತಿರುವ ಪಂದ್ಯಕ್ಕೆ ಬಾಜಿ ಏಕೆ? ಮಿರಾಜ್ ಎಂಬ ಹೋಟೆಲಿನವರು ಮಾತ್ರ ದರ ಪ್ರಕಟಿಸಿದರು: ಒಂದಕ್ಕೆ ನಲವತ್ತೆರಡು. ಅಂದರೆ ಬಸ್ಟರ್ ಡಗ್ಲಸ್ ಗೆಲ್ಲುತ್ತಾನೆಂದು ಒಂದು ಡಾಲರ್ ಕಟ್ಟಿದವನಿಗೆ, ಆತ ಗೆದ್ದರೆ, 42 ಡಾಲರ್ ಲಾಭ. ಡಗ್ಲಸ್‌ನ ಎದುರಾಳಿ ಹೆವಿವೇಟ್ ವಿಶ್ವ ಚಾಂಪಿಯನ್ ಮೈಕ್ ಟೈಸನ್.

ಟೈಸನ್‌ನ ದಾಖಲೆ ಒಂದೇ ಸಾಲಿನದು. 37 ಪಂದ್ಯ, 37 ಗೆಲುವು. ಅದರಲ್ಲಿ 33 ಸಲ ಎದುರಾಳಿ ಪಂದ್ಯ ಮುಗಿಯುವವರೆಗೆ ನಿಲ್ಲಲೇ ಇಲ್ಲ. ನೂರಕ್ಕೆ 89 ನಾಕೌಟ್! ಡಗ್ಲಸ್ ಅಲ್ಲಿಯವರೆಗೆ ನಾಲ್ಕು ಬಾರಿ ಸೋತಿದ್ದವನು. ಇಷ್ಟನ್ನು ಓದಿದ ಯಾರೇ ಆಗಲಿ ಪುಸ್ತಕ ಮುಚ್ಚಿಬಿಡುತ್ತಿದ್ದರು. ಮಕ್ಕಳ ಅಂಕಪಟ್ಟಿಯಲ್ಲಿ ಒಟ್ಟು ಮೊತ್ತ ನೋಡಿ ಸಹಿ ಹಾಕಿಬಿಡುವ ತಂದೆ ತಾಯಿಯರಿದ್ದಾರಲ್ಲ, ಹಾಗೆ. ಒಳಗೆ ಯಾವ ವಿಷಯದಲ್ಲಿ ಎಷ್ಟು, ಯಾವ ಪರೀಕ್ಷೆಯಿಂದ ಯಾವ ಪರೀಕ್ಷೆಗೆ ಏರಿತು ಅಥವಾ ಇಳಿಯಿತು ಎಂದು ಓದುವವರು ಕಡಿಮೆ.

ಆ ಒಂದು ಸಾಲನ್ನು ಬಿಡಿಸಿ ನೋಡೋಣ.

ಟೈಸನ್ ಹುಟ್ಟಿದ್ದು 1966ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ. ಬಾಲಾಪರಾಧಿಗಳ ಶಾಲೆ ಸೇರಿದ್ದ ಹುಡುಗನನ್ನು ಕಸ್ ಡಮಾಟೊ ಎಂಬ ವೃದ್ಧ ತರಬೇತುದಾರರು ಕ್ಯಾಟ್‌ಸ್ಕಿಲ್ ಎಂಬ ಸಣ್ಣ ಊರಿನ ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿದರು. ತಾಯಿ ತೀರಿಕೊಂಡ ಮೇಲೆ ಕಾನೂನಿನ ಪ್ರಕಾರವೂ ಅವರೇ ಪೋಷಕರಾದರು. 1985ರ ಮಾರ್ಚ್‌ನಲ್ಲಿ ವೃತ್ತಿಪರನಾಗಿ ಕಣಕ್ಕಿಳಿದ ಟೈಸನ್ ಮೊದಲ 19 ಪಂದ್ಯಗಳನ್ನೂ ನಾಕೌಟ್‌ನಲ್ಲೇ ಗೆದ್ದ. 12 ಪಂದ್ಯಗಳು ಮೊದಲ ಸುತ್ತಿನಲ್ಲೇ ಮುಗಿದವು. 1986ರ ನವೆಂಬರ್ 22ರಂದು ಟ್ರೆವರ್ ಬರ್ಬಿಕ್‌ನನ್ನು ಎರಡನೇ ಸುತ್ತಿನಲ್ಲಿ ಉರುಳಿಸಿದಾಗ ಆತನಿಗೆ ಇಪ್ಪತ್ತು ವರ್ಷ, ನಾಲ್ಕು ತಿಂಗಳು ಚಿಲ್ಲರೆ. ಅಷ್ಟು ಕಿರಿಯ ವಯಸ್ಸಿನ ಹೆವಿವೇಟ್ ಚಾಂಪಿಯನ್ ಅದುವರೆಗೆ ಇರಲಿಲ್ಲ. ಅದನ್ನು ನೋಡಲು ಡಮಾಟೊ ಬದುಕಿರಲಿಲ್ಲ. ವರ್ಷದ ಹಿಂದೆಯೇ ತೀರಿಕೊಂಡಿದ್ದರು.

ನಾಕೌಟ್ ಆಗದ ಆ ನಾಲ್ವರು ಯಾರು? ಜೇಮ್ಸ್ ಟಿಲ್ಲಿಸ್, ಮಿಚ್ ಗ್ರೀನ್, ಜೇಮ್ಸ್ ಸ್ಮಿತ್, ಟೋನಿ ಟಕರ್. ಇವರಲ್ಲಿ ಕೊನೆಯ ಮೂವರು ಆರಡಿ ನಾಲ್ಕು ಅಂಗುಲ ಅಥವಾ ಅದಕ್ಕೂ ಎತ್ತರದ ಆಳುಗಳು. ಟೈಸನ್ ಐದಡಿ ಹತ್ತು ಅಂಗುಲ. ಸ್ಮಿತ್ ಅಂತೂ ಹನ್ನೆರಡು ಸುತ್ತು ಟೈಸನ್‌ನನ್ನು ತಬ್ಬಿಕೊಂಡೇ ಕಾಲ ಕಳೆದ; ಪ್ರೇಕ್ಷಕರು ಬೇಸತ್ತು ಹೋದರು. ಆದರೂ ಅವನು ಒಂದು ಸತ್ಯ ತೋರಿಸಿಕೊಟ್ಟಿದ್ದ. ಎತ್ತರದವನು ಹೆದರದೆ ನಿಂತರೆ, ಟೈಸನ್‌ಗೆ ಬೇಕಾದ ಅಂತರ ಸಿಗದಂತೆ ಮಾಡಿದರೆ, ಉರುಳಿ ಬೀಳಲೇಬೇಕೆಂದೇನೂ ಇಲ್ಲ. ಡಗ್ಲಸ್‌ನ ಎತ್ತರವೂ ಹತ್ತಿರ ಹತ್ತಿರ ಆರಡಿ ನಾಲ್ಕಂಗುಲ.

ಇನ್ನು ಗೆದ್ದ ದೊಡ್ಡ ಹೆಸರುಗಳು. 1988ರ ಜನವರಿಯಲ್ಲಿ ಲ್ಯಾರಿ ಹೋಮ್ಸ್ ನಾಲ್ಕನೇ ಸುತ್ತಿನಲ್ಲಿ ಬಿದ್ದ. ಮಹಾನ್ ಬಾಕ್ಸರ್, ನಿಜ. ಆದರೆ ವಯಸ್ಸು 38, ನಿವೃತ್ತಿಯಿಂದ ಮರಳಿ ಬಂದವನು. ಅದೇ ಜೂನ್‌ನಲ್ಲಿ ಅದುವರೆಗೆ ಸೋಲನ್ನೇ ಕಾಣದ ಮೈಕೆಲ್ ಸ್ಪಿಂಕ್ಸ್ 91 ಸೆಕೆಂಡುಗಳಲ್ಲಿ ಮುಗಿದುಹೋದ. ಆತ ಕೆಳಗಿನ ತೂಕದ ವರ್ಗದಿಂದ ಮೇಲೆ ಬಂದವನು. ಇದರಿಂದ ಟೈಸನ್‌ನ ಗೆಲುವು ಸಣ್ಣದಾಗುವುದಿಲ್ಲ. ಆದರೆ ಹೆಸರಿನ ತೂಕ ಬೇರೆ, ಆ ದಿನ ಕಣದಲ್ಲಿ ನಿಂತವನ ತೂಕ ಬೇರೆ.

ಟೈಸನ್‌ನ ಪೆಟ್ಟಿನ ಬಲ ಎಷ್ಟಿತ್ತೆಂಬುದಕ್ಕೆ ನೂರು ಕಥೆಗಳಿವೆ. ಹೆವಿವೇಟ್ ಪೆಟ್ಟನ್ನು ನಿಜವಾಗಿ ಅಳೆದವರೂ ಇದ್ದಾರೆ. ಆ ಅಳತೆಗೆ ಒಳಗಾದವನು ಟೈಸನ್ ಅಲ್ಲ, ಅವನ ಮುಂದಿನ ಎದುರಾಳಿಗಳಲ್ಲಿ ಒಬ್ಬನಾದ ಬ್ರಿಟನ್ನಿನ ಫ್ರಾಂಕ್ ಬ್ರೂನೊ. ಲೋಲಕದಂತೆ ತೂಗುಬಿಟ್ಟು ಮೆತ್ತೆ ಹೊದಿಸಿದ್ದ ಗುರಿಗೆ ಬ್ರೂನೊ ಗುದ್ದಿದ. 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮುಷ್ಟಿ 49 ಸೆಂಟಿಮೀಟರ್ ಸಾಗಿ, ತಾಗುವ ಹೊತ್ತಿಗೆ ಸೆಕೆಂಡಿಗೆ 8.9 ಮೀಟರ್ ವೇಗ ಪಡೆದಿತ್ತು. ಗಂಟೆಗೆ 32 ಕಿಲೋಮೀಟರ್. ಪೇಟೆಯಲ್ಲಿ ಓಡುವ ಸ್ಕೂಟರಿನ ವೇಗ. ಗರಿಷ್ಠ ಬಲ 4,096 ನ್ಯೂಟನ್. ಅದೇ ಪೆಟ್ಟು ಮನುಷ್ಯನ ತಲೆಗೆ ಬಿದ್ದರೆ 6,320 ನ್ಯೂಟನ್‌ವರೆಗೆ ಆಗಬಹುದು, ತಲೆಯ ವೇಗೋತ್ಕರ್ಷ ಗುರುತ್ವದ 53 ಪಟ್ಟು ಆಗಬಹುದು ಎಂದು ಸಂಶೋಧಕರು ಲೆಕ್ಕ ಹಾಕಿದರು. ಮೆತ್ತೆ ಸುತ್ತಿದ 6 ಕಿಲೋಗ್ರಾಂ ಮರದ ಕೊಡತಿಯನ್ನು ಅದೇ ವೇಗದಲ್ಲಿ ಬೀಸಿದಂತೆ ಎಂಬುದು ಅವರು ಕೊಟ್ಟ ಹೋಲಿಕೆ.

ವಿದ್ಯಾರ್ಥಿಗಳು ಚಲನಶಕ್ತಿಯ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿ ನೋಡಬಹುದು. ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು 238 ಜೌಲ್ ಬರುತ್ತದೆ. 6 ಕಿಲೋ ತೂಕದ ಗುಂಡುಕಲ್ಲನ್ನು 4 ಮೀಟರ್ ಎತ್ತರದಿಂದ ಕೈಬಿಟ್ಟರೂ ಇಷ್ಟೇ. ಬರಿಯ ಮುಷ್ಟಿ ಅಷ್ಟು ತೂಗುವುದಿಲ್ಲವಲ್ಲ, ಉಳಿದದ್ದು ಎಲ್ಲಿಂದ ಬಂತು? ಪಾದ ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಭುಜ ಹಿಂಬಾಲಿಸುತ್ತದೆ. ಮೈಯ ಒಂದು ಪಾಲು ಮುಷ್ಟಿಯ ಬೆನ್ನಿಗೆ ನಿಲ್ಲುತ್ತದೆ. ಟೈಸನ್ ಗಿಡ್ಡನಾಗಿದ್ದರೂ ಮೊಣಕಾಲು ಮಡಿಚಿ, ಕುಸಿದು, ಎದ್ದು ಬರುತ್ತಾ ಗುದ್ದುತ್ತಿದ್ದದ್ದರ ಗುಟ್ಟು ಇದೇ.

ಗದ್ದಕ್ಕೆ ಅಡ್ಡಪೆಟ್ಟು ಬಿದ್ದಾಗ ತಲೆಬುರುಡೆ ಥಟ್ಟನೆ ತಿರುಗುತ್ತದೆ. ಒಳಗೆ ದ್ರವದಲ್ಲಿ ತೇಲುವಂತಿರುವ ಮೆದುಳು ಜಡತ್ವದಿಂದ ಹಿಂದೆ ಉಳಿಯುತ್ತದೆ, ಬಸ್ಸು ಥಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ. ನಾಕೌಟ್ ಎಂದರೆ ಇದು. ಈ ಆಟವನ್ನೇ ನಿಷೇಧಿಸಿರೆಂದು ಬ್ರಿಟನ್ನಿನ ವೈದ್ಯರ ಸಂಘ ಒತ್ತಾಯಿಸುತ್ತ ಬಂದದ್ದೂ ಇದಕ್ಕೇ. ಅವರ ಮಾತಿನಲ್ಲಿ ಅರ್ಥವಿಲ್ಲ ಎನ್ನುವ ಹಾಗಿಲ್ಲ.

ಆದರೆ ಗುದ್ದು ಎಷ್ಟೇ ಭಾರವಾಗಿರಲಿ, ತಲುಪದಿದ್ದರೆ ಅದರ ಬೆಲೆ ಸೊನ್ನೆ. ಎರಡೂ ತೋಳು ಚಾಚಿದಾಗ ಟೈಸನ್‌ನ ಅಳತೆ 71 ಅಂಗುಲ, ಡಗ್ಲಸ್‌ನದು 83. ಒಂದಡಿ ವ್ಯತ್ಯಾಸ! ಅಷ್ಟುದ್ದದ ಕೈಗಳನ್ನು ದಾಟಿ ಒಳಗೆ ನುಗ್ಗಲು ತಲೆಯನ್ನು ಎಡಕ್ಕೆ ಬಲಕ್ಕೆ ಸದಾ ಆಡಿಸುತ್ತಿರಬೇಕು. ಡಮಾಟೊ ಕಲಿಸಿದ ಮುಖ್ಯ ಪಾಠವೇ ಅದು. ಆ ಪಾಠ 1990ರ ಹೊತ್ತಿಗೆ ಎಷ್ಟು ಉಳಿದಿತ್ತು?

ವರ್ಷವಾರು ಲೆಕ್ಕ ನೋಡಿ. 1985ರಲ್ಲಿ 15 ಪಂದ್ಯ. 1986ರಲ್ಲಿ 13. 1987ರಲ್ಲಿ 4. 1988ರಲ್ಲಿ 3. 1989ರಲ್ಲಿ ಎರಡೇ ಎರಡು. ಅವೆರಡರಲ್ಲಿ ಒಂದು ಬ್ರೂನೊ ವಿರುದ್ಧ. ಐದನೇ ಸುತ್ತಿನಲ್ಲಿ ಮುಗಿಯಿತು. ಇನ್ನೊಂದು ಕಾರ್ಲ್ ವಿಲಿಯಮ್ಸ್ ವಿರುದ್ಧ, 93 ಸೆಕೆಂಡು. ಸ್ಪಿಂಕ್ಸ್ ಬಿದ್ದ ದಿನದಿಂದ ಟೋಕಿಯೊವರೆಗಿನ ಹತ್ತೊಂಬತ್ತು ತಿಂಗಳಲ್ಲಿ ಟೈಸನ್ ಕಣದಲ್ಲಿ ಹೋರಾಡಿದ್ದು ಒಟ್ಟು ಹದಿನೇಳು ನಿಮಿಷಕ್ಕೂ ಕಡಿಮೆ. ಅದೂ ಸಲೀಸಾಗಿರಲಿಲ್ಲ. ವಿಜ್ಞಾನಿಗಳು ಅಳೆದಿದ್ದ ಅದೇ ಬ್ರೂನೊ ಮೊದಲ ಸುತ್ತಿನಲ್ಲಿ ಎಡಗೈಯಿಂದ ಕೊಟ್ಟ ಒಂದು ಪೆಟ್ಟು ಟೈಸನ್‌ನನ್ನು ತತ್ತರಿಸುವಂತೆ ಮಾಡಿತ್ತು. ಪಂದ್ಯ ಗೆದ್ದದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮನೆಯ ಕಡೆಯೂ ಎಲ್ಲ ಕದಡಿತ್ತು. 1988ರಲ್ಲಿ ಮ್ಯಾನೇಜರ್ ಜಿಮ್ ಜೇಕಬ್ಸ್ ತೀರಿಕೊಂಡರು. ಅದೇ ವರ್ಷದ ಕೊನೆಗೆ ಡಮಾಟೊ ಶಿಷ್ಯ, ತರಬೇತುದಾರ ಕೆವಿನ್ ರೂನಿಯನ್ನು ಟೈಸನ್ ತೆಗೆದುಹಾಕಿದ. ಮದುವೆ ವರ್ಷದೊಳಗೆ ಮುರಿಯಿತು. ಟೋಕಿಯೊದಲ್ಲಿ ಅಭ್ಯಾಸ ನಡೆಯುವಾಗ ಜೊತೆಗಾರ ಗ್ರೆಗ್ ಪೇಜ್‌ನ ಪೆಟ್ಟಿಗೆ ಚಾಂಪಿಯನ್ ನೆಲಕ್ಕೆ ಬಿದ್ದ. ಪೂರ್ವಸಿದ್ಧತಾ ಪರೀಕ್ಷೆಯಲ್ಲೇ ನಪಾಸಾದಂತೆ. ಬಾಜಿ ಮಾತ್ರ ಟೈಸನ್ ಕಡೆಗೇ ಉಳಿಯಿತು.

ಇನ್ನೊಂದು ತರ್ಕವೂ ಜನರ ಬಾಯಲ್ಲಿ ಇತ್ತು. 1987ರಲ್ಲಿ ಡಗ್ಲಸ್‌ನನ್ನು ಟಕರ್ ಹತ್ತನೇ ಸುತ್ತಿನಲ್ಲಿ ಸೋಲಿಸಿದ್ದ. ಅದಾದ ಎರಡೇ ತಿಂಗಳಿಗೆ ಟಕರ್‌ನನ್ನು ಟೈಸನ್ ಸೋಲಿಸಿದ. ಹಾಗಾದರೆ ಟೈಸನ್ ಡಗ್ಲಸ್‌ನನ್ನು ಸೋಲಿಸಲೇಬೇಕು! ಐದಕ್ಕಿಂತ ಏಳು ದೊಡ್ಡದು, ಏಳಕ್ಕಿಂತ ಒಂಬತ್ತು ದೊಡ್ಡದು, ಆದ್ದರಿಂದ ಒಂಬತ್ತು ಐದಕ್ಕಿಂತ ದೊಡ್ಡದು ಎಂಬ ನಿಯಮ ಸಂಖ್ಯೆಗಳಿಗೆ ಸರಿ. ಸಂಖ್ಯೆಗೆ ತಾಯಿ ಸಾಯುವುದಿಲ್ಲ, ಸಂಖ್ಯೆ ಸೋಮಾರಿಯಾಗುವುದೂ ಇಲ್ಲ. ಪಂದ್ಯಕ್ಕೆ ಮೂರು ವಾರ ಇರುವಾಗ ಡಗ್ಲಸ್‌ನ ತಾಯಿ ಲೂಲಾ ತೀರಿಕೊಂಡಿದ್ದರು. ಮನಸ್ಸಿಟ್ಟು ಆಡುವುದಿಲ್ಲವೆಂದು ಹಿಂದೆ ಹಲವರು ಆಡಿಕೊಂಡಿದ್ದ ಆಳು ಈ ಸಲ ಮನಸ್ಸಿಟ್ಟೇ ಬಂದಿದ್ದ.

ಫೆಬ್ರವರಿ 11ರಂದು ನಡೆದದ್ದು ಲೋಕಕ್ಕೆಲ್ಲ ತಿಳಿದಿದೆ. ಡಗ್ಲಸ್‌ನ ನೀಳ ಎಡಗೈ ಮತ್ತೆ ಮತ್ತೆ ಟೈಸನ್‌ನ ಮುಖಕ್ಕೆ ಬಂದು ತಾಗಿತು. ತಲೆ ಅಲುಗುತ್ತಿರಲಿಲ್ಲ. ಎಡಗಣ್ಣು ಊದಿ ಮುಚ್ಚತೊಡಗಿತು. ಅದಕ್ಕೆ ಒತ್ತಲು ಬೇಕಾದ ತಣ್ಣನೆಯ ಲೋಹದ ತುಂಡನ್ನೂ ಕಡೆಯವರು ತಂದಿರಲಿಲ್ಲ. ರಬ್ಬರ್ ಕೈಚೀಲಕ್ಕೆ ಮಂಜುನೀರು ತುಂಬಿ ಒತ್ತಿದರು. ಎಂಟನೇ ಸುತ್ತಿನ ಕೊನೆಗೆ ಟೈಸನ್‌ನ ಒಂದು ಪೆಟ್ಟು ಕೆಳಗಿನಿಂದ ಮೇಲಕ್ಕೆ ಬಂತು, ಡಗ್ಲಸ್ ಬಿದ್ದ. ಬಲ ಇನ್ನೂ ಇತ್ತೆಂಬುದಕ್ಕೆ ಅದೇ ಸಾಕ್ಷಿ. ಒಂಬತ್ತು ಎಣಿಸುವಾಗ ಡಗ್ಲಸ್ ಎದ್ದು ನಿಂತ. ಹತ್ತನೇ ಸುತ್ತಿನಲ್ಲಿ ಅವನ ಅಂಥದೇ ಒಂದು ಪೆಟ್ಟು, ಹಿಂದೆಯೇ ಇನ್ನು ನಾಲ್ಕು. ವೃತ್ತಿಜೀವನದಲ್ಲಿ ಮೊದಲ ಬಾರಿಗೆ ಟೈಸನ್ ನೆಲಕ್ಕೆ ಬಿದ್ದ. ಬಾಯಿಂದ ಜಾರಿದ ಹಲ್ಲಿನ ಕಾಪನ್ನು ನೆಲದ ಮೇಲೆ ತಡಕಾಡಿ, ಹೇಗೋ ಕಚ್ಚಿಕೊಂಡು ಏಳುವಷ್ಟರಲ್ಲಿ ರೆಫರಿ ಹತ್ತು ಎಣಿಸಿ ಮುಗಿಸಿದ್ದರು.

ಸ್ವಾರಸ್ಯವೆಂದರೆ, ಆ ಗಳಿಗೆಯವರೆಗೆ ಮೂವರು ತೀರ್ಪುಗಾರರಲ್ಲಿ ಒಬ್ಬರ ಪಟ್ಟಿಯಲ್ಲಿ ಡಗ್ಲಸ್ 88-82ರಿಂದ ಮುಂದಿದ್ದ, ಇನ್ನೊಬ್ಬರಲ್ಲಿ ಇಬ್ಬರೂ ಸಮ, ಮತ್ತೊಬ್ಬರಲ್ಲಿ ಟೈಸನ್ನೇ ಒಂದು ಅಂಕ ಮುಂದೆ! ಹೆಸರಿನ ಪ್ರಭಾವ ಕಣ್ಣಿನ ಮೇಲೂ ಆಗುತ್ತದೇನೋ.

ಟೈಸನ್‌ನ ಮುಂದಿನ ಕಥೆಯಲ್ಲಿ ಅತ್ಯಾಚಾರದ ಅಪರಾಧಕ್ಕೆ ಸೆರೆವಾಸ, ಎದುರಾಳಿಯ ಕಿವಿ ಕಚ್ಚಿದ ಅಪಖ್ಯಾತಿ ಎಲ್ಲ ಸೇರಿಕೊಂಡವು. 58ನೇ ವಯಸ್ಸಿನಲ್ಲಿ, 2024ರ ನವೆಂಬರ್‌ನಲ್ಲಿ, ಮತ್ತೊಮ್ಮೆ ಕಣಕ್ಕಿಳಿದು ಸೋತಾಗ ದಾಖಲೆಯಲ್ಲಿ 50 ಗೆಲುವು, 7 ಸೋಲು ಎಂದಾಯಿತು.

ಡಗ್ಲಸ್ ಚಾಂಪಿಯನ್ ಆಗಿ ಉಳಿದದ್ದು ಎಂಟೂವರೆ ತಿಂಗಳು. ಟೋಕಿಯೊದಲ್ಲಿ 231 ಪೌಂಡ್ ಚಿಲ್ಲರೆ ತೂಗುತ್ತಿದ್ದವನು 1990ರ ಅಕ್ಟೋಬರ್ 25ರಂದು ಇವಾಂಡರ್ ಹೋಲಿಫೀಲ್ಡ್ ಎದುರು ನಿಂತಾಗ 246 ಪೌಂಡ್ ಆಗಿದ್ದ. ಮೂರನೇ ಸುತ್ತಿನಲ್ಲಿ ಬಿದ್ದವನು ಮತ್ತೆ ಏಳಲಿಲ್ಲ.